ತಿರುಗದ ಶಾಫ್ಟಿನ ಲೆಕ್ಕ: ಎನ್‌ಕೋಡರ್ ಇಲ್ಲದೆ ಎನ್‌ಕೋಡರ್ ಫರ್ಮ್‌ವೇರ್ ಪರೀಕ್ಷಿಸುವ ಬಗೆ

ಬೆಳಗಾವಿಯ ಉದ್ಯಮಬಾಗದ ಹಳೆಯ ಟರ್ನರುಗಳು ಲೇತ್‌ನ ಹ್ಯಾಂಡಲ್ ತಿರುಗಿಸುತ್ತಲೇ ಡಯಲ್ ಮೇಲಿನ ಗೆರೆಗಳನ್ನು ಓದುತ್ತಿದ್ದರು. ಟೂಲ್ ಎಷ್ಟು ಒಳಗೆ ಹೋಯಿತು, ಇನ್ನೆಷ್ಟು ಉಳಿಯಿತು ಎಂಬುದು ಅವರ ತಲೆಯಲ್ಲಿ ಇರುತ್ತಿತ್ತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಬಂದ ಮೇಲೆ ಆ ಲೆಕ್ಕ ಯಂತ್ರದ ಹೊಟ್ಟೆಗೆ ಹೋಯಿತು. ಮೋಟರಿನ ಬೆನ್ನಿಗೆ ಕೂತ ಒಂದು ಸಣ್ಣ ಸಾಧನ ಶಾಫ್ಟ್ ಎಷ್ಟು ತಿರುಗಿತು ಎಂದು ಹೇಳುತ್ತದೆ. ಒಂದು ಚಿಪ್‌ನಲ್ಲಿ ಓಡುವ ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು ಮಿಲಿಮೀಟರಿಗೆ ಇಳಿಸುತ್ತದೆ. ಆ ಸಾಧನಕ್ಕೆ ಎನ್‌ಕೋಡರ್ ಎಂದೂ ಆ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದೂ ಹೆಸರು.

ಎಲೆಕ್ಟ್ರಾನಿಕ್ಸ್ ಓದಿ, ಇಂಥ ಫರ್ಮ್‌ವೇರ್ ಪರೀಕ್ಷಿಸುವ ಎಂಬೆಡೆಡ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಮಕ್ಕಳು ಈಗ ಈ ಭಾಗದ ಅನೇಕ ಮನೆಗಳಲ್ಲಿದ್ದಾರೆ. ದಿನವಿಡೀ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ ‘ನಕಲಿ ಸೆನ್ಸರ್ ಮಾಡಿ ಬೋರ್ಡಿಗೆ ಜೋಡಿಸುತ್ತೇನೆ’ ಎಂಬ ಉತ್ತರ ಬರುತ್ತದೆ. ಅಸಲಿ ಸೆನ್ಸರ್ ಅಂಗಡಿಯಲ್ಲಿ ಸಿಗುವಾಗ ನಕಲಿಗೆ ಸಂಬಳ ಕೊಡುವವರು ಯಾರು ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಕೊಡುವುದಕ್ಕೆ ಕಾರಣವಿದೆ. ಅದು ತಿಳಿಯಬೇಕಾದರೆ ಎನ್‌ಕೋಡರಿನ ಒಳಗನ್ನು ಸ್ವಲ್ಪ ನೋಡಬೇಕು.

ಬಿಲ್ಲೆ, ಸೀಳು, ಬೆಳಕು

ಶಾಫ್ಟಿನ ತುದಿಗೆ ಒಂದು ತೆಳು ಬಿಲ್ಲೆ, ಅದರ ಅಂಚಿನುದ್ದಕ್ಕೂ ಸಮ ಅಂತರದ ಸೀಳುಗಳು. ಬಿಲ್ಲೆಯ ಒಂದು ಬದಿಗೆ ಬೆಳಕಿನ ಮೂಲ, ಇನ್ನೊಂದು ಬದಿಗೆ ಬೆಳಕನ್ನು ಗ್ರಹಿಸುವ ಭಾಗ. ಶಾಫ್ಟ್ ತಿರುಗಿದಂತೆ ಬೆಳಕು ಬರುತ್ತದೆ, ಮರೆಯಾಗುತ್ತದೆ. ತಂತಿಯಲ್ಲಿ ವೋಲ್ಟೇಜ್ ಏರುತ್ತದೆ, ಇಳಿಯುತ್ತದೆ. ಈ ಒಂದೊಂದು ಏರಿಳಿತವೂ ಒಂದು ಪಲ್ಸ್. ಬೆಳಕಿನ ಬದಲು ಅಯಸ್ಕಾಂತ ಬಳಸುವ ಎನ್‌ಕೋಡರುಗಳೂ ಇವೆ. ಎಣ್ಣೆ, ಧೂಳು ಇರುವ ಕಡೆ ಅವು ಹೆಚ್ಚು ಬಾಳುತ್ತವೆ.

ಒಂದೇ ತಂತಿಯ ಪಲ್ಸುಗಳಿಂದ ಎಷ್ಟು ತಿರುಗಿತು ಎಂದು ತಿಳಿಯುತ್ತದೆ, ಯಾವ ಕಡೆಗೆ ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಎ ಮತ್ತು ಬಿ ಎಂಬ ಎರಡು ಗ್ರಾಹಕಗಳನ್ನು ಕಾಲು ಪಲ್ಸಿನಷ್ಟು ಅಂತರದಲ್ಲಿ ಇಡುತ್ತಾರೆ. ಒಂದು ದಿಕ್ಕಿಗೆ ತಿರುಗಿದಾಗ ಎ ಮೊದಲು ಬದಲಾಗುತ್ತದೆ, ತಿರುಗುಮುರುಗಾದಾಗ ಬಿ ಮೊದಲು. ಎರಡನ್ನೂ ಸೇರಿಸಿ ಬರೆದರೆ ಮುಂದಕ್ಕೆ ಹೋಗುವಾಗ 00, 10, 11, 01, ಮತ್ತೆ 00 ಎಂಬ ಸರಣಿ. ಹಿಂದಕ್ಕೆ ಬಂದರೆ ಇದೇ ಸರಣಿ ತಲೆಕೆಳಗು. ಈ ಏರ್ಪಾಟಿಗೆ ಕ್ವಾಡ್ರೇಚರ್ ಎನ್ನುತ್ತಾರೆ. ಒಂದು ಪಲ್ಸಿನಲ್ಲಿ ನಾಲ್ಕು ಬದಲಾವಣೆಗಳು ಇರುವುದರಿಂದ ಸುತ್ತಿಗೆ 2500 ಪಲ್ಸ್ ಕೊಡುವ ಎನ್‌ಕೋಡರಿನಿಂದ 10,000 ಎಣಿಕೆ ತೆಗೆಯಬಹುದು. ಲೇತ್‌ನ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುವಂಥದ್ದಾದರೆ ಒಂದು ಎಣಿಕೆಗೆ ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ಡಯಲ್ ಓದುವ ಕಣ್ಣಿಗೆ ಇದು ಎಟುಕುವ ಮಾತಲ್ಲ.

ಎಣಿಸುವ ಬಗೆ, ಓದುವ ಬಗೆ

ಬೆಳಗಾವಿಯಿಂದ ಬಾಗಲಕೋಟೆಗೆ ರಾತ್ರಿ ಬಸ್ಸಿನಲ್ಲಿ ಹೊರಟ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಬಸ್ ನಿಂತಾಗಲೆಲ್ಲ ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಇನ್ನೊಬ್ಬ ಎಣಿಸುವುದೇ ಇಲ್ಲ. ಎಲ್ಲಿದ್ದೇವೆ ಎಂದು ತಿಳಿಯಬೇಕಾದಾಗ ಕಿಟಕಿಯಿಂದ ಊರಿನ ಬೋರ್ಡ್ ಓದುತ್ತಾನೆ. ನಡುವೆ ನಿದ್ದೆ ಬಂದರೆ ಮೊದಲಿನವನ ಲೆಕ್ಕವೆಲ್ಲ ನೀರುಪಾಲು. ಎರಡನೆಯವನು ಎಚ್ಚರವಾದ ಕೂಡಲೇ ಲೋಕಾಪುರ ಎಂಬ ಬೋರ್ಡ್ ನೋಡಿ ಸುಮ್ಮನಾಗುತ್ತಾನೆ.

ಮೇಲೆ ಹೇಳಿದ ಎ–ಬಿ ಮಾದರಿ ಎಣಿಸುವವನ ಜಾತಿ. ಇದಕ್ಕೆ ಇನ್‌ಕ್ರಿಮೆಂಟಲ್ ಎನ್‌ಕೋಡರ್ ಎಂದು ಹೆಸರು. ಕರೆಂಟ್ ಹೋಗಿ ಬಂದರೆ ತಾನೆಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದಲೇ ಹಲವು ಸಿಎನ್‌ಸಿ ಯಂತ್ರಗಳನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಮೊದಲು ಹೋಮ್ ಸ್ಥಾನಕ್ಕೆ ಕಳಿಸಬೇಕಾಗುತ್ತದೆ. ಸುತ್ತಿಗೆ ಒಮ್ಮೆ ಮಾತ್ರ ಬರುವ ಝಡ್ ಎಂಬ ಮೂರನೆಯ ಪಲ್ಸ್ ಆ ಕೆಲಸಕ್ಕೆ ಗುರುತಾಗುತ್ತದೆ.

ಎರಡನೆಯದು ಅಬ್ಸಲ್ಯೂಟ್ ಎನ್‌ಕೋಡರ್. ಇದರ ಬಿಲ್ಲೆಯ ಮೇಲೆ ಪ್ರತಿ ಸ್ಥಾನಕ್ಕೂ ಬೇರೆಬೇರೆ ಸಂಖ್ಯೆ ಕೊರೆದಿರುತ್ತದೆ. ಆ ಸಂಖ್ಯೆಯನ್ನು 0, 1 ಮಾತ್ರ ಬಳಸುವ ಸಾಮಾನ್ಯ ಬೈನರಿಯಲ್ಲಿ ಬರೆದರೆ ತೊಂದರೆ: 7ರಿಂದ 8ಕ್ಕೆ ಹೋಗುವಾಗ 0111 ಎಂಬುದು 1000 ಆಗಬೇಕು, ನಾಲ್ಕೂ ಅಂಕೆಗಳು ಒಟ್ಟಿಗೆ ಬದಲಾಗಬೇಕು. ಗಡಿಯಲ್ಲಿ ಒಂದು ಅಂಕೆ ಮೊದಲು ಬದಲಾದರೂ ಎಲ್ಲಿಯದೋ ಸ್ಥಾನ ಓದಿದಂತಾಗುತ್ತದೆ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಅವರಿಗೆ 1953ರಲ್ಲಿ ಪೇಟೆಂಟ್ ಸಿಕ್ಕ ಗ್ರೇ ಕೋಡ್ ಇದನ್ನು ತಪ್ಪಿಸುತ್ತದೆ. ಅದರಲ್ಲಿ 7 ಎಂದರೆ 0100, 8 ಎಂದರೆ 1100. ಬದಲಾಗುವುದು ಒಂದೇ ಅಂಕೆ.

ಆಲಮಟ್ಟಿಯಂಥ ಅಣೆಕಟ್ಟಿನ ಗೇಟುಗಳನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ 26 ಗೇಟುಗಳಿವೆ. ಯಾವುದೇ ಅಣೆಕಟ್ಟಿನಲ್ಲಿ ಮಳೆಗಾಲದ ರಾತ್ರಿ ವಿದ್ಯುತ್ ಹೋಗಿ ಬಂದಾಗ ‘ಗೇಟು ಎಷ್ಟು ತೆರೆದಿದೆ, ಒಮ್ಮೆ ಪೂರ್ತಿ ಮುಚ್ಚಿ ಎಣಿಸಿ ನೋಡೋಣ’ ಎನ್ನಲು ಬರುವುದಿಲ್ಲ. ಇಂಥ ಕಡೆ ಅಬ್ಸಲ್ಯೂಟ್ ಎನ್‌ಕೋಡರ್ ಬಳಸುವುದು ರೂಢಿ. ಅವು ಸಂಖ್ಯೆಯ 0 ಅಥವಾ 1 ಎಂಬ ಒಂದೊಂದು ಅಂಕೆಯನ್ನು, ಅಂದರೆ ಒಂದೊಂದು ‘ಬಿಟ್’ ಅನ್ನು, ಒಂದರ ಹಿಂದೊಂದು ತಂತಿಯಲ್ಲಿ ಕಳಿಸುತ್ತವೆ. ಎಸ್‌ಎಸ್‌ಐ, ಬಿಸ್, ಎನ್‌ಡ್ಯಾಟ್ ಎನ್ನುವುದು ಹೀಗೆ ಕಳಿಸುವ ಕಟ್ಟಳೆಗಳ ಹೆಸರು.

ಫರ್ಮ್‌ವೇರ್ ಎಡವುವ ಜಾಗ

ಪಲ್ಸ್ ಎಣಿಸುವುದು ಕೇಳಲು ಸುಲಭ. ವೇಗ ನೋಡಿ. ಮೋಟರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಸುತ್ತಿಗೆ 10,000 ಎಣಿಕೆಯಂತೆ ಸೆಕೆಂಡಿಗೆ ಐದು ಲಕ್ಷ. ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಎರಡೇ ಮೈಕ್ರೋಸೆಕೆಂಡ್. ಆದ್ದರಿಂದ ಎಣಿಕೆಯನ್ನು ಚಿಪ್‌ನೊಳಗಿನ ಟೈಮರ್ ಎಂಬ ಪ್ರತ್ಯೇಕ ಭಾಗಕ್ಕೆ ಒಪ್ಪಿಸಿ, ಪ್ರೋಗ್ರಾಂ ಆಗಾಗ ಬಂದು ಅದನ್ನು ಓದಿಕೊಂಡು ಹೋಗುತ್ತದೆ.

ಆ ಟೈಮರ್ 16 ಬಿಟ್ಟಿನದಾದರೆ 65,535ರ ನಂತರ ಮತ್ತೆ ಸೊನ್ನೆ. ಮೇಲಿನ ವೇಗದಲ್ಲಿ ಸುಮಾರು 0.13 ಸೆಕೆಂಡಿಗೊಮ್ಮೆ ಹೀಗೆ ಸೊನ್ನೆಗೆ ಮರಳುತ್ತದೆ. ಪ್ರೋಗ್ರಾಂ ಹಳೆಯ ಓದಿಗೂ ಹೊಸ ಓದಿಗೂ ವ್ಯತ್ಯಾಸ ತೆಗೆದು ಕೂಡಿಸುತ್ತಾ ಹೋಗುವುದರಿಂದ ಸಾಮಾನ್ಯವಾಗಿ ಇದರಿಂದ ಅಪಾಯವಿಲ್ಲ. ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು 65 ಮಿಲಿಸೆಕೆಂಡ್ ದಾಟಿ ತಡವಾಯಿತೋ, ಎಣಿಕೆ ಟೈಮರಿನ ಒಟ್ಟು ಎಣಿಕೆಯ ಅರ್ಧಕ್ಕಿಂತ ಹೆಚ್ಚು ಸರಿದಿರುತ್ತದೆ, ಮುಂದೆ ಹೋಯಿತೋ ಹಿಂದೆ ಬಂದಿತೋ ಹೇಳಲಾಗದು. ಇದೇ ಯಂತ್ರವನ್ನು ಮೇಜಿನ ಮೇಲೆ ನಿಮಿಷಕ್ಕೆ 100 ಸುತ್ತಿನಲ್ಲಿ ಓಡಿಸಿ ನೋಡಿದರೆ ಟೈಮರ್ ಸೊನ್ನೆಯಾಗುವುದು ನಾಲ್ಕು ಸೆಕೆಂಡಿಗೊಮ್ಮೆ. ತಪ್ಪು ಅಲ್ಲಿಯೇ ಇರುತ್ತದೆ, ಕಾಣಿಸಿಕೊಳ್ಳುವುದಿಲ್ಲ.

ಅಬ್ಸಲ್ಯೂಟ್ ಎನ್‌ಕೋಡರಿನಲ್ಲೂ ಇಂಥದೇ ಗಡಿ ಇದೆ. 13 ಬಿಟ್ಟಿನ ಎನ್‌ಕೋಡರಿನಲ್ಲಿ 8191ರ ಪಕ್ಕದ ಮನೆ ಸೊನ್ನೆ. ಕೂದಲೆಳೆಯಷ್ಟು ಸರಿದದ್ದನ್ನು ಒಂದು ಪೂರ್ತಿ ಸುತ್ತು ಹಿಂದಕ್ಕೆ ಹಾರಿತು ಎಂದು ಓದಿಕೊಂಡ ಪ್ರೋಗ್ರಾಂ ಮೋಟರಿಗೆ ಏನು ಆದೇಶ ಕೊಟ್ಟೀತು, ಊಹಿಸಬಹುದು.

ನಿಜವಾದ ಯಂತ್ರದಲ್ಲೇ ನೋಡಿದರಾಗದೇ?

ನೋಡಲೇಬೇಕು, ಆದರೆ ಕೊನೆಗೆ. ಮೊದಲನೆಯ ಅಡ್ಡಿ ಖರ್ಚು ಮತ್ತು ಅಪಾಯ: ತಪ್ಪು ಲೆಕ್ಕದ ಫರ್ಮ್‌ವೇರ್ ಟೂಲನ್ನು ಚಕ್ಕಿಗೆ ಹೊಡೆಸಿದರೆ ಒಂದು ಪರೀಕ್ಷೆಯ ಬೆಲೆ ಒಂದು ಸ್ಪಿಂಡಲ್ ರಿಪೇರಿ. ಅದಕ್ಕಿಂತ ದೊಡ್ಡ ಅಡ್ಡಿ, ಒಳ್ಳೆಯ ಯಂತ್ರ ಒಳ್ಳೆಯದಾಗಿಯೇ ನಡೆಯುತ್ತದೆ. ತಂತಿ ತುಂಡಾಗುವುದು, ಪಕ್ಕದ ವೆಲ್ಡಿಂಗ್ ಯಂತ್ರದ ವಿದ್ಯುತ್ ಗದ್ದಲ ಕೇಬಲ್ಲಿಗೆ ನುಗ್ಗುವುದು, ಝಡ್ ಪಲ್ಸ್ ಒಮ್ಮೆ ತಪ್ಪಿಹೋಗುವುದು ಇವೆಲ್ಲ ವರ್ಷಕ್ಕೊಮ್ಮೆ ಆಗುವಂಥವು, ಅದೂ ಗಿರಾಕಿಯ ವರ್ಕ್‌ಶಾಪಿನಲ್ಲಿ. ಅವನ್ನು ಬೇಕೆಂದಾಗ, ಬೇಕಾದ ಕ್ಷಣದಲ್ಲಿ, ಬೇಕಾದಷ್ಟು ಸಲ ಆಗುವಂತೆ ಮಾಡಲು ಅಸಲಿ ಎನ್‌ಕೋಡರಿಗೆ ಬರುವುದಿಲ್ಲ. ನಕಲಿಗೆ ಬರುತ್ತದೆ. ಅದಕ್ಕೆ ಸಂಬಳ ಸಿಗುವುದು ಸರಿಯಾಗಿ ನಡೆದುಕೊಳ್ಳುವುದಕ್ಕಲ್ಲ, ಹೇಳಿದ ಹಾಗೆ ಕೆಡುವುದಕ್ಕೆ.

ಎಲ್ಲಿ ಕತ್ತರಿಸಿ ನಕಲನ್ನು ಜೋಡಿಸುವುದು

ಬಿಲ್ಲೆಯಿಂದ ಮೋಟರಿನ ಆದೇಶದವರೆಗೆ ಒಂದು ಸರಪಳಿ ಇದೆ. ಅದನ್ನು ಯಾವುದಾದರೊಂದು ಕೊಂಡಿಯಲ್ಲಿ ಕತ್ತರಿಸಿ, ಅದಕ್ಕಿಂತ ಹಿಂದಿನದೆಲ್ಲ ನಕಲಿ ಎಂದು ತೀರ್ಮಾನಿಸಬೇಕು. ಕತ್ತರಿಸಿ ತೆಗೆದ ಭಾಗಕ್ಕೆ ಪರೀಕ್ಷೆ ಆಗಲಿಲ್ಲ ಎಂಬುದನ್ನು ಮರೆಯಬಾರದು.

ಅತಿ ಸುಲಭದ ಕಡಿತ ಪ್ರೋಗ್ರಾಮಿನೊಳಗೇ ಆಗುತ್ತದೆ. ‘ಸ್ಥಾನ ಓದು’ ಎಂಬ ತುಣುಕನ್ನು ಉಳಿದ ಲೆಕ್ಕದಿಂದ ಬೇರ್ಪಡಿಸಿ ಬರೆದಿದ್ದರೆ, ಆ ತುಣುಕಿನ ಬದಲಿಗೆ ನಮಗೆ ಬೇಕಾದ ಸಂಖ್ಯೆ ಹೇಳುವ ಇನ್ನೊಂದನ್ನು ಕೂರಿಸಿ ಇಡೀ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. 8191ರಿಂದ ಸೊನ್ನೆಗೆ ಹಾರುವಂಥ ಗಣಿತದ ತಪ್ಪುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ, ಒಂದು ಪೈಸೆ ಖರ್ಚಿಲ್ಲದೆ. ಟೈಮರ್, ಪಿನ್ನುಗಳು, ಸಮಯದ ಒತ್ತಡ ಇವು ಯಾವುವೂ ಪರೀಕ್ಷೆಯೊಳಗೆ ಬರುವುದಿಲ್ಲ.

ಎರಡನೆಯ ದಾರಿಯಲ್ಲಿ ಚಿಪ್ಪನ್ನೇ ಕಂಪ್ಯೂಟರಿನೊಳಗೆ ಅನುಕರಿಸುತ್ತಾರೆ. ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಕ್ಯೂಎಮು, ಆಂಟ್‌ಮೈಕ್ರೋ ಕಂಪನಿಯ ರಿನೋಡ್ ಇಂಥ ಉಪಕರಣಗಳು. ಬೋರ್ಡಿಗೆ ಹಾಕುವ ಅದೇ ಫರ್ಮ್‌ವೇರ್ ಕಡತ ಇಲ್ಲಿ ಓಡುತ್ತದೆ. ಬೋರ್ಡ್ ಇನ್ನೂ ತಯಾರಾಗಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಬೇಕಾದಲ್ಲಿ ಕಾಲವನ್ನೇ ತಡೆದು ಒಳಗೆ ಇಣುಕಬಹುದು. ಆದರೆ ಟೈಮರಿನ ಅನುಕರಣೆಯೇ ನಿಜವಾದ ಟೈಮರಿಗಿಂತ ಸ್ವಲ್ಪ ಬೇರೆಯಿದ್ದರೆ ಫಲಿತಾಂಶವೂ ಬೇರೆ.

ಮೂರನೆಯದರಲ್ಲಿ ಬೋರ್ಡ್ ಅಸಲಿ, ಚಿಪ್ ಅಸಲಿ, ಪಿನ್ನುಗಳೂ ಅಸಲಿ. ತಂತಿಯ ಆ ತುದಿಯಲ್ಲಿರುವ ಎನ್‌ಕೋಡರ್ ಮಾತ್ರ ನಕಲಿ. ಮನೆಯಲ್ಲಿ ಮಕ್ಕಳು ಹೇಳುವ ‘ನಕಲಿ ಸೆನ್ಸರ್’ ಇದೇ. ಇದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ.

ಕಡಿತವನ್ನು ತಪ್ಪು ಜಾಗದಲ್ಲಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಏರಿಯಾನ್ 5 ರಾಕೆಟ್ ಸಾಕ್ಷಿ. 1996ರ ಜೂನ್ 4ರಂದು ತನ್ನ ಮೊದಲ ಹಾರಾಟದಲ್ಲೇ ಅದು ಸುಮಾರು 40 ಸೆಕೆಂಡಿನಲ್ಲಿ ಛಿದ್ರವಾಯಿತು. ರಾಕೆಟ್ಟಿನ ದಿಕ್ಕು ಮತ್ತು ವೇಗ ಅಳೆಯುವ ಘಟಕದ ಪ್ರೋಗ್ರಾಂ 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿಗೆ ಇಳಿಸಲು ಹೋಗಿ, ಅದು ಹಿಡಿಸದೆ ಕೈಚೆಲ್ಲಿತ್ತು. ಏರಿಯಾನ್ 4ರಿಂದ ಎತ್ತಿಕೊಂಡ ಪ್ರೋಗ್ರಾಂ ಅದು. ಹಳೆಯ ರಾಕೆಟ್ಟಿನ ಹಾದಿಯಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ನೆಲದ ಮೇಲಿನ ಇಡೀ ವ್ಯವಸ್ಥೆಯ ಪರೀಕ್ಷೆಗಳಲ್ಲಿ ಆ ಘಟಕವನ್ನೇ ಹೊರಗಿಟ್ಟು, ಅದರ ಉತ್ತರಗಳನ್ನು ನಕಲು ಮಾಡಿ ಕೊಟ್ಟಿದ್ದರು. ಘಟಕವನ್ನು ಒಳಗಿಟ್ಟು, ಅದರ ಸೆನ್ಸರುಗಳ ಸಂಕೇತವನ್ನು ಹೊಸ ಹಾರಾಟದ ಹಾದಿಗೆ ತಕ್ಕಂತೆ ನಕಲು ಮಾಡಿದ್ದರೆ ದೋಷ ನೆಲದಲ್ಲೇ ಸಿಗುತ್ತಿತ್ತು. ನಕಲು ಇತ್ತು, ಒಂದು ಕೊಂಡಿ ಆಚೆ ಇತ್ತು ಅಷ್ಟೇ.

ಸಂಕೇತ ಹುಟ್ಟಿಸುವುದು

ಎರಡು ಮೈಕ್ರೋಸೆಕೆಂಡಿಗೊಮ್ಮೆ ತಪ್ಪದೆ ಬದಲಾಗುವ ಎ, ಬಿ ಸಂಕೇತಗಳನ್ನು ಹುಟ್ಟಿಸುವುದು ಹೇಗೆ? ಸಾಮಾನ್ಯ ಕಂಪ್ಯೂಟರಿನಿಂದ ಆಗದು. ಅದು ನಡುವೆ ಇನ್ನೇನೋ ಕೆಲಸಕ್ಕೆ ಎದ್ದುಹೋಗಿ ಬರುತ್ತದೆ, ಪಲ್ಸುಗಳು ಅಡ್ಡಾದಿಡ್ಡಿಯಾಗುತ್ತವೆ. ದೊಡ್ಡ ಪ್ರಯೋಗಾಲಯಗಳು ಇದಕ್ಕೆ ಎಫ್‌ಪಿಜಿಎ ಎಂಬ, ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದಾದ ಚಿಪ್ ಬಳಸುತ್ತವೆ. ಕಾಲೇಜಿನ ಮೇಜಿನ ಮೇಲೆ ಅಷ್ಟು ಬೇಡ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಕೆಲವೇ ನೂರು ರೂಪಾಯಿಯ ಬೋರ್ಡ್. ಅದರ ಆರ್‌ಪಿ2040 ಚಿಪ್‌ನಲ್ಲಿ ಪಿನ್ನುಗಳನ್ನು ಏರಿಳಿಸುವುದಕ್ಕೆಂದೇ ಎಂಟು ಪುಟ್ಟ ಯಂತ್ರಗಳಿವೆ. 125 ಮೆಗಾಹರ್ಟ್ಸ್ ಗಡಿಯಾರದಲ್ಲಿ ಒಂದು ಹೆಜ್ಜೆಗೆ 8 ನ್ಯಾನೋಸೆಕೆಂಡ್. ಎರಡು ಮೈಕ್ರೋಸೆಕೆಂಡಿನಲ್ಲಿ 250 ಹೆಜ್ಜೆ ಸಿಗುತ್ತವೆ, ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ಎಸ್‌ಎಸ್‌ಐ ಅನುಕರಿಸುವುದು ಇನ್ನೊಂದು ಬಗೆಯ ಕಷ್ಟ. ಇಲ್ಲಿ ತಾಳ ಹಾಕುವುದು ಫರ್ಮ್‌ವೇರ್. ಅದು ಕಳಿಸುವ ಒಂದೊಂದು ಗಡಿಯಾರದ ಪಲ್ಸಿಗೂ ಎನ್‌ಕೋಡರ್ ಒಂದೊಂದು ಬಿಟ್ ಒಪ್ಪಿಸಬೇಕು. ಮೊದಲ ಇಳಿತಕ್ಕೆ ಸ್ಥಾನವನ್ನು ಹಿಡಿದಿಟ್ಟುಕೊಂಡು, ಮುಂದಿನ ಪ್ರತಿ ಏರಿಕೆಗೂ ದೊಡ್ಡ ಬಿಟ್ಟಿನಿಂದ ಶುರುಮಾಡಿ ಹೊರಗೆ ಹಾಕಬೇಕು. ಒಂದು ಮೆಗಾಹರ್ಟ್ಸ್ ವೇಗದಲ್ಲಿ ಒಂದು ಬಿಟ್ಟಿಗೆ ಸಿಗುವ ಕಾಲ ಒಂದೇ ಮೈಕ್ರೋಸೆಕೆಂಡ್.

ವೋಲ್ಟೇಜಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಪಿಕೋ ಕೊಡುವುದು 3.3 ವೋಲ್ಟ್. ಕೈಗಾರಿಕೆಯ ಎನ್‌ಕೋಡರುಗಳಲ್ಲಿ ಹಲವು 5 ವೋಲ್ಟಿನ ಆರ್‌ಎಸ್-422 ಪದ್ಧತಿಯಲ್ಲಿ, ಎ ಜೊತೆಗೆ ಅದರ ತಲೆಕೆಳಗಾದ ಜೋಡಿಯನ್ನೂ ಕಳಿಸುತ್ತವೆ. ನಡುವೆ ಅದಕ್ಕೆ ತಕ್ಕ ಡ್ರೈವರ್ ಚಿಪ್ ಇಲ್ಲದೆ ನೇರ ಜೋಡಿಸಿದರೆ ಬೋರ್ಡಿನ ಇನ್‌ಪುಟ್ ಭಾಗ ಪರೀಕ್ಷೆಯಾಗುವುದಿಲ್ಲ.

ಬೇಕೆಂದೇ ಕೆಡಿಸುವುದು

ಇಡೀ ಕಸುಬಿನ ರುಚಿ ಇರುವುದು ಇಲ್ಲಿ. ಮೊದಲು ಎ ತಂತಿಯನ್ನು ಕತ್ತರಿಸಿದಂತೆ ಮಾಡೋಣ: ಎ ಹಾಗೇ ನಿಂತಿತು, ಬಿ ಮಾತ್ರ ಬದಲಾಗುತ್ತಿದೆ. ಫರ್ಮ್‌ವೇರಿಗೆ ಒಂದು ಮುಂದೆ, ಒಂದು ಹಿಂದೆ, ಒಂದು ಮುಂದೆ, ಒಂದು ಹಿಂದೆ ಎಂದು ಕಾಣುತ್ತದೆ. ಶಾಫ್ಟ್ ಭರ್ರೆಂದು ತಿರುಗುತ್ತಿದ್ದರೂ ಲೆಕ್ಕದಲ್ಲಿ ಅದು ನಿಂತಲ್ಲೇ ನಿಂತಿದೆ. ‘ಇನ್ನೂ ಸರಿದಿಲ್ಲವಲ್ಲ’ ಎಂದು ಫರ್ಮ್‌ವೇರ್ ಮೋಟರಿಗೆ ಇನ್ನಷ್ಟು ಬಲ ಕೊಡುತ್ತದೆ, ಮೋಟರ್ ಇನ್ನಷ್ಟು ಓಡುತ್ತದೆ. ಎನ್‌ಕೋಡರ್ ತಂತಿ ಕಳಚಿದ ಯಂತ್ರ ನಿಲ್ಲುವ ಬದಲು ಹುಚ್ಚೆದ್ದು ಓಡುವುದು ಈ ಕಾರಣಕ್ಕೆ. ಇದನ್ನು ಗುರುತಿಸಿ ಕೆಲವು ಮಿಲಿಸೆಕೆಂಡಿನಲ್ಲಿ ಮೋಟರ್ ಕಡಿತಗೊಳಿಸುವ ಸಾಲುಗಳು ಫರ್ಮ್‌ವೇರಿನಲ್ಲಿ ಇರಬೇಕು. ಅವು ಕೆಲಸ ಮಾಡುತ್ತವೆಯೇ ಎಂದು ನಿಜವಾದ ಲೇತ್‌ನಲ್ಲಿ ತಂತಿ ಕತ್ತರಿಸಿ ನೋಡಲು ಯಾರೂ ಮುಂದಾಗುವುದಿಲ್ಲ.

ಇನ್ನು ವಿದ್ಯುತ್ ಗದ್ದಲ. ಮೋಟರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು, ವೆಲ್ಡಿಂಗ್ ಯಂತ್ರಗಳು ಪಕ್ಕದ ಕೇಬಲ್ಲುಗಳಲ್ಲಿ ಚೂಪಾದ ಸುಳ್ಳು ಪಲ್ಸುಗಳನ್ನು ಎಬ್ಬಿಸುತ್ತವೆ. ಅವು ಎ, ಬಿ ಎರಡಕ್ಕೂ ಒಟ್ಟಿಗೆ ಬಡಿದರೆ 00ರಿಂದ ನೇರ 11 ಎಂಬ, ಸರಿಯಾದ ಸರಣಿಯಲ್ಲಿ ಎಂದೂ ಬರಬಾರದ ಜಿಗಿತ ಕಾಣುತ್ತದೆ. ಒಳ್ಳೆಯ ಫರ್ಮ್‌ವೇರ್ ಇದನ್ನು ದೋಷವೆಂದು ದಾಖಲಿಸುತ್ತದೆ. ಒಂದೇ ತಂತಿಗೆ ಬಡಿದರೆ ಗುರುತಿಸುವುದು ಕಷ್ಟ. ಅದಕ್ಕಾಗಿ ಇನ್‌ಪುಟ್ಟಿನಲ್ಲಿ ಫಿಲ್ಟರ್ ಇಟ್ಟು ಅತಿ ಕಿರಿದಾದ ಪಲ್ಸುಗಳನ್ನು ತಳ್ಳಿಹಾಕುತ್ತಾರೆ. ಫಿಲ್ಟರ್ ಸಡಿಲವಾದರೆ ಗದ್ದಲ ಒಳಗೆ ಬರುತ್ತದೆ, ಬಿಗಿಯಾದರೆ ವೇಗ ಹೆಚ್ಚಿದಾಗ ನಿಜವಾದ ಪಲ್ಸುಗಳೇ ಸೋರಿಹೋಗುತ್ತವೆ. ಎಮ್ಯುಲೇಟರ್ ಸುಳ್ಳು ಪಲ್ಸಿನ ಅಗಲವನ್ನು 50, 100, 200 ನ್ಯಾನೋಸೆಕೆಂಡ್ ಎಂದು ಏರಿಸುತ್ತಾ ಹೋಗಿ ಗಡಿ ಎಲ್ಲಿದೆ ಎಂದು ಅಳೆದು ಕೊಡುತ್ತದೆ.

ಎಸ್‌ಎಸ್‌ಐ ಕೇಬಲ್ ಕಳಚಿದರೆ ಎಲ್ಲ ಬಿಟ್ಟುಗಳೂ ಸೊನ್ನೆ, ಇಲ್ಲವೇ ಎಲ್ಲವೂ ಒಂದು ಎಂದು ಓದಬಹುದು. ಸೊನ್ನೆ ಎಂಬುದು ಸರಿಯಾದ ಸ್ಥಾನವೂ ಹೌದು! ಹಳೆಯ ಎಸ್‌ಎಸ್‌ಐ ಕಟ್ಟಳೆಯಲ್ಲಿ ತಪ್ಪು ಹಿಡಿಯುವ ಹೆಚ್ಚುವರಿ ಬಿಟ್ಟುಗಳು ಕಡ್ಡಾಯವಲ್ಲ. ಬಿಸ್, ಎನ್‌ಡ್ಯಾಟ್‌ಗಳಲ್ಲಿ ಅವು ಇವೆ. ಗೇಟು ಪೂರ್ತಿ ಮುಚ್ಚಿದೆ ಎಂಬುದಕ್ಕೂ ಕೇಬಲ್ ಕಳಚಿದೆ ಎಂಬುದಕ್ಕೂ ಒಂದೇ ಸಂಖ್ಯೆ ಬರುವ ಹಾಗೆ ವಿನ್ಯಾಸ ಮಾಡಿದ್ದರೆ ಎಮ್ಯುಲೇಟರ್ ಅದನ್ನು ಮೊದಲ ದಿನವೇ ತೋರಿಸಿಕೊಡುತ್ತದೆ.

ಶಾಫ್ಟ್ ಸರಿಯಾಗಿ ಒಂದು ಸೀಳಿನ ಅಂಚಿನಲ್ಲಿ ನಿಂತು ಪಂಪಿನ ಕಂಪನಕ್ಕೆ ನಡುಗುತ್ತಿದ್ದರೆ ಯಂತ್ರ ನಿಂತಿದ್ದರೂ ಬದಲಾವಣೆಗಳು ಸುರಿಯುತ್ತಲೇ ಇರುತ್ತವೆ. ಪ್ರತಿ ಬದಲಾವಣೆಗೂ ಪ್ರೋಗ್ರಾಮನ್ನು ಎಬ್ಬಿಸುವ ವಿನ್ಯಾಸವಾದರೆ ಅದು ಉಸಿರುಗಟ್ಟುತ್ತದೆ. ಇಂಥ ಪರೀಕ್ಷೆಗಳಲ್ಲಿ ಗದ್ದಲವನ್ನು ಯದ್ವಾತದ್ವಾ ಹುಟ್ಟಿಸಿದರೂ ಅದನ್ನು ಹುಟ್ಟಿಸಿದ ಆರಂಭದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಾರೆ. ರಾತ್ರಿ ಮೂರು ಗಂಟೆಗೆ ಫರ್ಮ್‌ವೇರ್ ಬಿದ್ದರೆ, ಬೆಳಿಗ್ಗೆ ಅದೇ ಸಂಖ್ಯೆ ಕೊಟ್ಟು ಅದೇ ಗದ್ದಲವನ್ನು ಮತ್ತೆ ಎಬ್ಬಿಸಬಹುದು.

ಆದೇಶಕ್ಕೆ ಉತ್ತರ ಕೊಡುವ ನಕಲು

ಇಲ್ಲಿಯವರೆಗಿನ ಎಮ್ಯುಲೇಟರ್ ಮೊದಲೇ ಬರೆದಿಟ್ಟ ಚಲನೆಯನ್ನು ಒಪ್ಪಿಸುತ್ತದೆ ಅಷ್ಟೇ. ಮೋಟರನ್ನು ನಡೆಸುವ ಫರ್ಮ್‌ವೇರಿಗೆ ಇದು ಸಾಲದು. ‘ನಾನು ಬಲಕ್ಕೆ ಹೋಗು ಎಂದೆ, ಶಾಫ್ಟ್ ಎಡಕ್ಕೆ ಹೋಗುತ್ತಿದೆ’ ಎಂದು ಅದು ತಕ್ಷಣ ಅಲಾರಂ ಕೊಟ್ಟು ನಿಂತುಬಿಡುತ್ತದೆ. ಹಾಗಾಗಿ ಎಮ್ಯುಲೇಟರ್ ಫರ್ಮ್‌ವೇರಿನ ಆದೇಶವನ್ನೂ ಓದಬೇಕು. ಮೋಟರಿನ ಭಾರ, ಘರ್ಷಣೆ ಇಷ್ಟಿಷ್ಟು ಎಂದು ಲೆಕ್ಕ ಹಾಕಿ, ನಿಜವಾದ ಶಾಫ್ಟ್ ಈಗ ಎಲ್ಲಿರುತ್ತಿತ್ತೋ ಆ ಸ್ಥಾನದ ಪಲ್ಸುಗಳನ್ನು ಕೊಡಬೇಕು. ಹಾರ್ಡ್‌ವೇರ್ ಇನ್ ದ ಲೂಪ್, ಚಿಕ್ಕದಾಗಿ ಎಚ್‌ಐಎಲ್, ಎಂದು ಉದ್ಯೋಗದ ಜಾಹೀರಾತುಗಳಲ್ಲಿ ಕಾಣುವ ಮಾತು ಇದೇ. ಕಾರು, ವಿಮಾನಗಳ ನಿಯಂತ್ರಣ ಪೆಟ್ಟಿಗೆಗಳನ್ನು ಪರೀಕ್ಷಿಸುವುದೂ ಇದೇ ಕ್ರಮದಲ್ಲಿ.

ನಕಲಿಗೆ ಎಟುಕದ್ದು

ಬೇರಿಂಗ್ ಸವೆದು ಬಿಲ್ಲೆ ಓಲಾಡುವುದು, ಶಾಫ್ಟಿಗೂ ಎನ್‌ಕೋಡರಿಗೂ ನಡುವಿನ ಕಪ್ಲಿಂಗ್ ಜಾರುವುದು, ಬಿಲ್ಲೆಗೆ ಕೂಲಂಟ್ ಹನಿ ಅಂಟುವುದು ಇವುಗಳ ಪರಿಣಾಮವನ್ನು ಊಹಿಸಿ ನಕಲು ಮಾಡಬಹುದು, ಅವುಗಳನ್ನೇ ಅಲ್ಲ. ಕಪ್ಲಿಂಗ್ ಜಾರಿದರೆ ಎನ್‌ಕೋಡರ್ ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ, ಲೇತ್ ಮಾತ್ರ ಬೇರೆ ಕಡೆ ಇರುತ್ತದೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಎನ್‌ಕೋಡರಿನ ಡೇಟಾಶೀಟ್ ಓದಿ ಫರ್ಮ್‌ವೇರ್ ಬರೆದವರೇ ಎಮ್ಯುಲೇಟರನ್ನೂ ಬರೆದರೆ, ಓದಿನಲ್ಲಿ ಆದ ತಪ್ಪು ಎರಡರಲ್ಲೂ ಇರುತ್ತದೆ. ದೊಡ್ಡ ಬಿಟ್ ಮೊದಲು ಬರಬೇಕಾದ ಕಡೆ ಚಿಕ್ಕದು ಮೊದಲು ಎಂದುಕೊಂಡಿದ್ದರೆ ನಕಲಿ ಹಾಗೇ ಕಳಿಸುತ್ತದೆ, ಫರ್ಮ್‌ವೇರ್ ಹಾಗೇ ಓದುತ್ತದೆ, ಪರೀಕ್ಷೆ ಪಾಸಾಗುತ್ತದೆ. ಆದ್ದರಿಂದ ಕೆಲಸ ಬಲ್ಲವರು ಮೊದಲು ಒಂದು ನಿಜವಾದ ಎನ್‌ಕೋಡರನ್ನು ಕೈಯಿಂದ ತಿರುಗಿಸಿ, ಅದರ ಸಂಕೇತವನ್ನು, ತಂತಿಯ ಏರಿಳಿತಗಳನ್ನು ದಾಖಲಿಸಿ ತೋರಿಸುವ ಲಾಜಿಕ್ ಅನಲೈಸರಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಎಮ್ಯುಲೇಟರಿನ ಸಂಕೇತವನ್ನೂ ಅದೇ ಉಪಕರಣದಲ್ಲಿ ಹಿಡಿದು, ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ತಾಳೆ ನೋಡಿದ ಮೇಲೆಯೇ ಅದನ್ನು ಫರ್ಮ್‌ವೇರಿಗೆ ಜೋಡಿಸುತ್ತಾರೆ.